ಸತ್ಯವೇದ ಓದುವ ಅಭ್ಯಾಸ: ಮೊದಲ ಆರು ತಿಂಗಳಿಗೆ ಒಂದು ದಾರಿ

ಸತ್ಯವೇದವನ್ನು, ಅಂದರೆ ಬೈಬಲನ್ನು, ಪೂರ್ತಿ ಓದಿಬಿಡೋಣ ಎಂದು ಹೊರಟವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಆದಿಕಾಂಡ ಸರಾಗವಾಗಿ ಸಾಗುತ್ತದೆ. ವಿಮೋಚನಕಾಂಡದಲ್ಲೂ ಐಗುಪ್ತದ ಬಿಡುಗಡೆ, ಸಮುದ್ರ ಇಬ್ಭಾಗವಾದದ್ದು, ಹತ್ತು ಆಜ್ಞೆಗಳವರೆಗೆ ಕುತೂಹಲ ಕುಂದುವುದಿಲ್ಲ. ಆಮೇಲೆ ಆರಾಧನೆಯ ಗುಡಾರದ ಅಳತೆ, ಪರದೆಯ ಕೊಂಡಿ, ಯಾಜಕರ ಉಡುಪು, ಬಲಿಯ ವಿಧಿ. ಯಾಜಕಕಾಂಡ ಮುಟ್ಟುವಷ್ಟರಲ್ಲಿ ಪುಸ್ತಕ ಮತ್ತೆ ಕಪಾಟು ಸೇರಿರುತ್ತದೆ.

ಇದು ಭಕ್ತಿಯ ಕೊರತೆಯಿಂದ ಆಗುವುದಲ್ಲ. ವಿಮೋಚನಕಾಂಡ 19ರಲ್ಲಿ ಇಸ್ರಾಯೇಲ್ಯರು ಸೀನಾಯಿ ಬೆಟ್ಟದ ಎದುರು ಬಂದು ಇಳಿದುಕೊಳ್ಳುತ್ತಾರೆ. ಅವರು ಅಲ್ಲಿಂದ ಮತ್ತೆ ಹೊರಡುವುದು ಅರಣ್ಯಕಾಂಡ 10:11ರಲ್ಲಿ. ನಡುವೆ ಸುಮಾರು 59 ಅಧ್ಯಾಯಗಳು ಕಳೆದರೂ ಜನ ಅದೇ ಬೆಟ್ಟದ ಬುಡದಲ್ಲಿದ್ದಾರೆ. ಕಥೆ ಓದುತ್ತಿದ್ದವರ ಕೈಗೆ ಹೇಳದೆ ಕೇಳದೆ ಕಾನೂನಿನ ಪುಸ್ತಕ ಬಂದಿರುತ್ತದೆ. ಓದುವ ರೀತಿ ಮಾತ್ರ ಬದಲಾಗಿರುವುದಿಲ್ಲ. ಆದ್ದರಿಂದ ಹೊಸಬರು ಮೊದಲ ಪುಟದಿಂದ ಕೊನೆಯ ಪುಟಕ್ಕೆ ನೇರವಾಗಿ ಓದುವ ಹಟ ಹಿಡಿಯಬೇಕಾಗಿಲ್ಲ.

ಸತ್ಯವೇದ ಒಂದೇ ರಟ್ಟಿನೊಳಗೆ ಕಟ್ಟಿದ ಅನೇಕ ಪುಸ್ತಕಗಳು. ಪ್ರೊಟೆಸ್ಟೆಂಟ್ ಸಭೆಗಳ ಪ್ರತಿಯಲ್ಲಿ 66 ಪುಸ್ತಕಗಳಿವೆ: ಹಳೆಯ ಒಡಂಬಡಿಕೆ 39, ಹೊಸ ಒಡಂಬಡಿಕೆ 27. ಕಥೋಲಿಕ ಪ್ರತಿಯಲ್ಲಿ 73. ಹಳೆಯ ಒಡಂಬಡಿಕೆಯ ಹೆಚ್ಚಿನ ಭಾಗ ಹೀಬ್ರೂ ಭಾಷೆಯದು, ಎಜ್ರ ಮತ್ತು ದಾನಿಯೇಲನ ಕೆಲವು ಭಾಗಗಳು ಅರಾಮಿಕ್, ಹೊಸ ಒಡಂಬಡಿಕೆ ಗ್ರೀಕ್. ಇವುಗಳಲ್ಲಿ ಚರಿತ್ರೆ, ಕವಿತೆ, ಕಾನೂನು, ಗಾದೆ, ಪ್ರವಾದನೆ, ಪತ್ರ ಎಲ್ಲವೂ ಇವೆ. ಇಲ್ಲಿ ಕೊಟ್ಟಿರುವ ಇಡೀ ದಾರಿ ನಿಂತಿರುವುದು ಒಂದೇ ಮಾತಿನ ಮೇಲೆ: ಬಿಡಿ ವಚನಗಳನ್ನು ಆರಿಸಿ ಓದಬೇಡಿ, ಒಂದು ಪುಸ್ತಕವನ್ನು ಹಿಡಿದರೆ ಅದನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿ.

ಬೇಕಾಗುವ ಸಾಮಾನು

ನಿತ್ಯದ ಓದಿಗೆ ಸರಳ ಕನ್ನಡದ ಅನುವಾದ ಒಂದಿರಲಿ. ಹಳೆಯ ಶೈಲಿಯ ಅನುವಾದಕ್ಕೆ ಅದರದೇ ಗಾಂಭೀರ್ಯವಿದೆ. ಆರಾಧನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಸಾಲುಗಳೆಲ್ಲ ಅದರವೇ ಆಗಿರಬಹುದು. ಆದರೆ ಮೊದಲ ಸಲ ಓದುವವರು ಮೂರು ಸಾಲಿಗೊಮ್ಮೆ ಪದಕ್ಕೆ ಎಡವಿದರೆ ಅರ್ಥದ ಎಳೆ ಕಡಿದುಹೋಗುತ್ತದೆ. ಹಳೆಯದನ್ನು ಎರಡನೆಯ ಪ್ರತಿಯಾಗಿ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ವಾಕ್ಯ ಗೊಂದಲ ಮಾಡಿದಾಗ ಮಾತ್ರ ಅದನ್ನು ತೆರೆದು ಹೋಲಿಸಿ. ದಿನಕ್ಕೊಂದು ಅನುವಾದ ಬದಲಿಸುತ್ತಾ ಹೋದರೆ ಪುಸ್ತಕದ ದನಿ ಕಿವಿಯಲ್ಲಿ ಕೂರುವುದಿಲ್ಲ.

ಕಾಗದದ ಪ್ರತಿಯೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಎಷ್ಟು ಓದಿದ್ದೇವೆ, ಎಷ್ಟು ಉಳಿದಿದೆ ಎಂಬುದು ಕೈಗೇ ತಿಳಿಯುತ್ತದೆ, ಹಿಂದಿನ ಪುಟಕ್ಕೆ ಬೆರಳಿಟ್ಟು ಹೋಗಿಬರಬಹುದು, ನಡುವೆ ಯಾರ ಸಂದೇಶವೂ ಬರುವುದಿಲ್ಲ. ಫೋನಿನಲ್ಲೇ ಓದುವುದಾದರೆ ಆ ಹೊತ್ತಿಗೆ ಇಂಟರ್ನೆಟ್ ಆಫ್ ಮಾಡಿ. ಓದು ಸರಾಗವಿಲ್ಲದವರಿಗೆ ಆಡಿಯೋ ದೊಡ್ಡ ಸಹಾಯ, ಆದರೆ ಕಿವಿಯಲ್ಲಿ ಕೇಳುವಾಗ ಕಣ್ಣು ಅದೇ ಸಾಲಿನ ಮೇಲಿರಲಿ. ಬರೀ ಕೇಳಿದರೆ ಮನಸ್ಸು ಬೇಗ ಜಾರುತ್ತದೆ.

ಇನ್ನು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಎರಡು ಪುಟಗುರುತು. ವ್ಯಾಖ್ಯಾನ ಗ್ರಂಥ ಈಗಲೇ ಬೇಡ. ಪಠ್ಯಕ್ಕಿಂತ ಟಿಪ್ಪಣಿಯನ್ನೇ ಹೆಚ್ಚು ಓದುವ ಚಾಳಿ ಬಹು ಬೇಗ ಬೆಳೆಯುತ್ತದೆ. ಆಮೇಲೆ ಸ್ವಂತ ಕಣ್ಣಿಂದ ಏನನ್ನೂ ಗಮನಿಸಲಾಗುವುದಿಲ್ಲ.

ಹೊತ್ತು ಮತ್ತು ಪ್ರಮಾಣ

ಮೊದಲ ತಿಂಗಳು ದಿನಕ್ಕೆ 15 ನಿಮಿಷ ಸಾಕು: ಒಂದು ನಿಮಿಷ ಪ್ರಾರ್ಥನೆ, ಎಂಟು ನಿಮಿಷ ಓದು, ಉಳಿದದ್ದು ಬರೆಯಲು ಮತ್ತು ಸುಮ್ಮನೆ ಕೂತು ಯೋಚಿಸಲು. ಪ್ರಾರ್ಥನೆ ಉದ್ದವಿರಬೇಕಿಲ್ಲ. ಕೀರ್ತನೆ 119:18ರಲ್ಲಿ ಕೀರ್ತನೆಗಾರ ತನ್ನ ಕಣ್ಣು ತೆರೆಯಬೇಕೆಂದು ಬೇಡಿಕೊಳ್ಳುತ್ತಾನೆ. ಆ ಒಂದು ವಚನವನ್ನೇ ದಿನವೂ ಹೇಳಿದರೆ ಆಯಿತು.

ಬೆಳಿಗ್ಗೆಯೇ ಓದಬೇಕೆಂಬ ನಿಯಮವಿಲ್ಲ. ಬೆಳಗಿನ ಜಾವ ತೂಕಡಿಸುವವರು ರಾತ್ರಿ ಓದಲಿ, ರಾತ್ರಿ ಕಣ್ಣೆಳೆಯುವವರು ಬೆಳಿಗ್ಗೆ ಓದಲಿ. ಮುಖ್ಯವಾದದ್ದು, ಈಗಾಗಲೇ ತಪ್ಪದೆ ನಡೆಯುವ ಯಾವುದಾದರೂ ಕೆಲಸದ ಬೆನ್ನಿಗೇ ಓದನ್ನು ಕಟ್ಟುವುದು. ಮುಖ ತೊಳೆದ ಕೂಡಲೇ, ಅಥವಾ ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆ. ‘ಬಿಡುವಾದಾಗ ಓದುತ್ತೇನೆ’ ಎಂದವರಿಗೆ ಬಿಡುವಾಗುವುದೇ ಇಲ್ಲ. ಪುಸ್ತಕವನ್ನು ನೀವು ಕೂರುವ ಜಾಗದಲ್ಲೇ, ಪುಟಗುರುತು ಇಟ್ಟು, ಬಿಟ್ಟುಬಿಡಿ. ಹುಡುಕಿ ತರಬೇಕಾದರೆ ಅಷ್ಟರಲ್ಲೇ ಅರ್ಧ ಮನಸ್ಸು ಹೋಗಿರುತ್ತದೆ.

ವಾರಕ್ಕೆ ಆರು ದಿನ ಓದು, ಏಳನೆಯ ದಿನ ಖಾಲಿ. ತಪ್ಪಿದ ಭಾಗವಿದ್ದರೆ ಅಂದು ಓದಿಕೊಳ್ಳಿ. ಏನೂ ತಪ್ಪಿರದಿದ್ದರೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಈ ಖಾಲಿ ದಿನವಿಲ್ಲದ ಯೋಜನೆ ಬಹುಕಾಲ ಉಳಿಯುವುದಿಲ್ಲ. ಒಂದು ಜ್ವರ, ಒಂದು ಪ್ರಯಾಣ ಸಾಕು, ಬಾಕಿ ಗುಡ್ಡೆಯಾಗುತ್ತದೆ. ಬಾಕಿ ಕಂಡೊಡನೆ ಪುಸ್ತಕದ ಮುಖ ನೋಡಲೂ ಬೇಸರವಾಗುತ್ತದೆ. ಅದಕ್ಕೇ ತಾರೀಖು ಅಚ್ಚಾದ ಪಟ್ಟಿಯನ್ನು ಹೊಸಬರು ಬಳಸಬಾರದು. ಒಂದು ಹಾಳೆಯಲ್ಲಿ 1ರಿಂದ 162ರವರೆಗೆ ಬರೀ ಅಂಕಿ ಬರೆದು, ಓದಿದ ಹಾಗೆಲ್ಲ ಒಂದೊಂದನ್ನು ಹೊಡೆದುಹಾಕಿ. (162 ಏಕೆಂಬುದು ಮುಂದೆ ಬರುತ್ತದೆ.) ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಐದು ಭಾಗ ಓದಬೇಡಿ. ಎಲ್ಲಿ ನಿಂತಿದ್ದಿರೋ ಅಲ್ಲಿಂದ ಒಂದೇ ಭಾಗ ಓದಿ.

ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಯೋಜನೆಗಳೂ ಇವೆ. ಸ್ಕಾಟ್ಲೆಂಡ್‌ನ ಪಾದ್ರಿ ರಾಬರ್ಟ್ ಮರ್ರಿ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಗಾಗಿ ಮಾಡಿಕೊಟ್ಟ ಪಟ್ಟಿ ಇಂದಿಗೂ ಬಳಕೆಯಲ್ಲಿದೆ: ದಿನಕ್ಕೆ ನಾಲ್ಕು ಅಧ್ಯಾಯ, ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳಿರುವುದರಿಂದ ಒಂದೇ ಸಲ ಮುಗಿಸಲೂ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಬೇಕು. ಎರಡನೆಯ ವರ್ಷಕ್ಕೆ ಇದು ತಕ್ಕ ಕೆಲಸ. ಮೊದಲ ವರ್ಷವೇ ಹೊತ್ತುಕೊಂಡರೆ ಕಣ್ಣು ಓಡುತ್ತದೆ, ಮನಸ್ಸು ಹಿಂದೆಯೇ ಉಳಿಯುತ್ತದೆ.

ಮೊದಲ ನಾಲ್ಕು ವಾರ: ಮಾರ್ಕನ ಸುವಾರ್ತೆ

ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಮಾರ್ಕನದು. 16 ಅಧ್ಯಾಯ, 678 ವಚನ. ಉದ್ದುದ್ದ ಬೋಧನೆ ಕಡಿಮೆ, ಘಟನೆ ಹೆಚ್ಚು. ‘ಕೂಡಲೇ’ ಎಂಬರ್ಥದ ಮಾತು ಮತ್ತೆ ಮತ್ತೆ ಬಂದು ಓದುಗರನ್ನು ಮುಂದಕ್ಕೆ ತಳ್ಳುತ್ತದೆ. ಆರು ದಿನದ ವಾರದಂತೆ 24 ಭಾಗಗಳು ಹೀಗೆ:

ಮೊದಲ ವಾರ: 1:1–20, 1:21–45, 2ನೆಯ ಅಧ್ಯಾಯ, 3ನೆಯ ಅಧ್ಯಾಯ, 4:1–20, 4:21–34.
ಎರಡನೆಯ ವಾರ: 4:35–5:20, 5:21–43, 6:1–29, 6:30–56, 7ನೆಯ ಅಧ್ಯಾಯ, 8:1–26.
ಮೂರನೆಯ ವಾರ: 8:27–9:13; 9:14–50; 10:1–31; 10:32–52; 11:1–19; 11:20–33.
ನಾಲ್ಕನೆಯ ವಾರ: 12, 13, 14:1–42, 14:43–72, 15, 16.

ಅಂಕಿಗಳನ್ನು ಓದುವ ಕ್ರಮ ಗೊತ್ತಿಲ್ಲದವರಿಗೆ: ಎರಡು ಚುಕ್ಕೆಯ ಹಿಂದಿನದು ಅಧ್ಯಾಯ, ಮುಂದಿನದು ವಚನ. ಕೆಲವು ಭಾಗಗಳು ಅಧ್ಯಾಯದ ಗಡಿ ದಾಟಿರುವುದನ್ನು ಗಮನಿಸಿರಬಹುದು. ಅಧ್ಯಾಯಗಳ ವಿಂಗಡಣೆ ಮೂಲ ಬರಹಗಾರರದಲ್ಲ. ಈಗ ಬಳಕೆಯಲ್ಲಿರುವುದು 13ನೆಯ ಶತಮಾನದ ಆರಂಭದ್ದು, ಅದನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಅವರ ಹೆಸರಿಗೆ ಸೇರಿಸುತ್ತಾರೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳು ಮುದ್ರಕ ರಾಬರ್ಟ್ ಎಸ್ಟಿಯೆನ್ ಅವರ 1551ರ ಮುದ್ರಣದಿಂದ ಬಂದವು. ಹುಡುಕಲು ಅವು ಬಹಳ ಉಪಯುಕ್ತ, ಆದರೆ ಕೆಲವು ಕಡೆ ವಿಷಯದ ನಡುವೆಯೇ ಗೆರೆ ಎಳೆದಿವೆ. ಆದಿಕಾಂಡ 1ರ ಸೃಷ್ಟಿಯ ವಾರ ಮುಗಿಯುವುದು ಏಳನೆಯ ದಿನದಲ್ಲಿ. ಆ ಏಳನೆಯ ದಿನ ಸಿಕ್ಕುವುದು 2:1–3ರಲ್ಲಿ. ಅಧ್ಯಾಯ ಮುಗಿಯಿತೆಂದು ನಿಲ್ಲಿಸಿದವರಿಗೆ ವಿಶ್ರಾಂತಿಯ ದಿನವೇ ತಪ್ಪಿಹೋಗುತ್ತದೆ. ಪುಟದಲ್ಲಿ ದಪ್ಪಕ್ಷರದ ಉಪಶೀರ್ಷಿಕೆಗಳಿದ್ದರೆ ಅವೂ ಪ್ರಕಾಶಕರು ಸೇರಿಸಿದವು, ಪಠ್ಯದ ಭಾಗವಲ್ಲ.

ಓದಿದ್ದನ್ನು ಅರ್ಥಮಾಡಿಕೊಳ್ಳುವುದು

ಆಯಾ ದಿನದ ಭಾಗವನ್ನು ಎರಡು ಸಲ ಓದಿ. ಮೊದಲ ಸಲ ನಿಲ್ಲದೆ, ಏನಾಗುತ್ತಿದೆ ಎಂದಷ್ಟೇ ತಿಳಿಯಲು. ಎರಡನೆಯ ಸಲ ತುಟಿ ಅಲುಗುವಂತೆ, ಪೆನ್ಸಿಲ್ ಹಿಡಿದು. ಈ ಪುಸ್ತಕಗಳನ್ನು ಮೊದಲು ಬಲ್ಲವರಲ್ಲಿ ಬಹುಪಾಲು ಜನ ಕಿವಿಯಿಂದ ಕೇಳಿದವರು; ಗಟ್ಟಿಯಾಗಿ ಓದಿದಾಗ ಪುನರಾವೃತ್ತಿಗಳು, ತಿರುವುಗಳು ತಾವಾಗಿ ಎದ್ದು ಕಾಣುತ್ತವೆ.

ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ. ಇಲ್ಲಿ ಏನು ನಡೆಯಿತು, ಅಥವಾ ಏನು ಹೇಳಲಾಯಿತು? ಮೊದಲು ಕೇಳಿದವರಿಗೆ ಇದು ಯಾಕೆ ಮುಖ್ಯವಾಗಿತ್ತು? ದೇವರ ಬಗ್ಗೆ, ಯೇಸುವಿನ ಬಗ್ಗೆ ಇದು ಏನು ತೋರಿಸುತ್ತದೆ, ಅದಕ್ಕೆ ನಾನು ಏನು ಮಾಡಬೇಕು? ಕ್ರಮ ತಪ್ಪಿಸಬೇಡಿ. ಹೆಚ್ಚಿನ ತಪ್ಪು ಅರ್ಥಗಳು ಹುಟ್ಟುವುದು ಮೊದಲೆರಡನ್ನು ಹಾರಿ ಮೂರನೆಯದಕ್ಕೆ ನೆಗೆಯುವುದರಿಂದ.

ಮಾರ್ಕ 4:35–41 ತೆಗೆದುಕೊಳ್ಳಿ, ಏಳೇ ವಚನ. ಸಂಜೆ, ದೋಣಿ, ಬಿರುಗಾಳಿ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದಾನೆ. ಶಿಷ್ಯರು ಎಬ್ಬಿಸುತ್ತಾರೆ, ಆತ ಗಾಳಿಯನ್ನು ಗದರಿಸುತ್ತಾನೆ, ಎಲ್ಲ ಶಾಂತವಾಗುತ್ತದೆ. ಇಷ್ಟಕ್ಕೇ ‘ನನ್ನ ಬಾಳಿನ ಬಿರುಗಾಳಿಯೂ ನಿಲ್ಲುತ್ತದೆ’ ಎಂದು ಬರೆದು ಪುಸ್ತಕ ಮುಚ್ಚುವವರು ಬಹಳ. ನಿಧಾನಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. ಬಿರುಗಾಳಿ ನಿಂತ ಮೇಲೆ ಶಿಷ್ಯರ ಭಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಕೊನೆಯ ವಚನ ಒಂದು ಪ್ರಶ್ನೆ: ಗಾಳಿಯೂ ಸಮುದ್ರವೂ ಮಾತು ಕೇಳುವ ಈತ ಯಾರು? ಸಮುದ್ರದ ಅಬ್ಬರವನ್ನು ಅಡಗಿಸುವುದು ದೇವರ ಕೆಲಸವೆಂದು ಕೀರ್ತನೆ 107:23–30ರಲ್ಲಿ ಹಾಡಿಕೊಂಡು ಬೆಳೆದವರು ಅವರು. ಅಂಥವರಿಗೆ ಆ ಪ್ರಶ್ನೆ ಎಷ್ಟು ಭಾರವಾಗಿರಬೇಕು ಎಂಬುದು ಎರಡನೆಯ ಪ್ರಶ್ನೆಯ ಉತ್ತರ. ಸಮಾಧಾನ ಈ ಭಾಗದಲ್ಲಿ ಖಂಡಿತ ಇದೆ, ಆದರೆ ಅದು ಸಿಕ್ಕುವುದು ‘ಈತ ಯಾರು’ ಎಂಬುದರ ಮೂಲಕ.

ಆ ಪ್ರಶ್ನೆಯನ್ನು ಮಾರ್ಕನು ಅಲ್ಲಿಗೇ ಬಿಡುವುದಿಲ್ಲ. 8:29ರಲ್ಲಿ, ಪುಸ್ತಕದ ಸರಿಸುಮಾರು ನಡುವಿನಲ್ಲಿ, ಪೇತ್ರನು ನೀನೇ ಕ್ರಿಸ್ತನು ಎನ್ನುತ್ತಾನೆ. ಅಲ್ಲಿಂದ ಕಥೆ ತಿರುಗುತ್ತದೆ. 8:31, 9:31, 10:33–34, ಹೀಗೆ ಮೂರು ಸಲ ಯೇಸು ತನ್ನ ಮರಣವನ್ನು ಮುಂತಿಳಿಸುತ್ತಾನೆ. ಮೂರು ಸಲವೂ ಶಿಷ್ಯರಿಗೆ ಅದು ದಕ್ಕುವುದಿಲ್ಲ: ಮೊದಲು ಪೇತ್ರನು ಗದರಿಸುತ್ತಾನೆ, ಆಮೇಲೆ ಯಾರು ದೊಡ್ಡವರು ಎಂಬ ವಾಗ್ವಾದ, ಕೊನೆಗೆ ಯಾಕೋಬ ಯೋಹಾನರು ಎಡಬಲದ ಆಸನ ಕೇಳುತ್ತಾರೆ. ಈ ಇಡೀ ಭಾಗದ ಎರಡು ತುದಿಗಳಲ್ಲೂ ಕುರುಡರಿಗೆ ಕಣ್ಣು ಬಂದ ಘಟನೆಗಳಿವೆ. 8:22–26ರಲ್ಲಿ ದೃಷ್ಟಿ ಎರಡು ಹಂತದಲ್ಲಿ ಬರುತ್ತದೆ. 10:46–52ರ ಬಾರ್ತಿಮಾಯನು ಕಣ್ಣು ಬಂದದ್ದೇ ಯೇಸುವಿನ ಹಿಂದೆ ದಾರಿಯಲ್ಲಿ ನಡೆಯುತ್ತಾನೆ. ನಡುವೆ ಇರುವವರು ಕಣ್ಣಿದ್ದೂ ಕಾಣದ ಶಿಷ್ಯರು. ಬಿಡಿ ವಚನ ಓದುವವರಿಗೆ ಇದು ಎಂದಿಗೂ ಕಾಣುವುದಿಲ್ಲ. ಮೂರನೆಯ ವಾರದಲ್ಲಿ ಸಾಲಾಗಿ ಓದಿಕೊಂಡು ಬಂದವರಿಗೆ ಯಾರೂ ಹೇಳಿಕೊಡದೆ ಕಾಣುತ್ತದೆ.

5:21–43ರಲ್ಲೂ ಹೀಗೆ ಜೋಡಿಸಿದ ಎರಡು ಕಥೆಗಳಿವೆ. ಹನ್ನೆರಡು ವರ್ಷದ ಹುಡುಗಿ, ಹನ್ನೆರಡು ವರ್ಷದಿಂದ ರೋಗ ಅನುಭವಿಸಿದ ಹೆಂಗಸು. ಒಂದನ್ನು ಬಿಟ್ಟು ಇನ್ನೊಂದನ್ನು ಓದಬೇಡಿ.

ಅಡಿಟಿಪ್ಪಣಿ, ಉಲ್ಲೇಖ ವಚನಗಳು

ಪುಟದ ಅಡಿಯಲ್ಲೋ ನಡುವಿನ ಕಾಲಮ್ಮಿನಲ್ಲೋ ಸಣ್ಣಕ್ಷರದಲ್ಲಿ ಬೇರೆ ಪುಸ್ತಕಗಳ ಅಂಕಿಗಳಿರುತ್ತವೆ. ಎಲ್ಲವನ್ನೂ ತಿರುವಿಹಾಕಬೇಡಿ, ಹೊತ್ತೆಲ್ಲ ಅದರಲ್ಲೇ ಹೋಗುತ್ತದೆ. ಪಠ್ಯದಲ್ಲಿ ‘ಬರೆದಿರುವ ಪ್ರಕಾರ’ ಎಂದು ಬಂದಾಗ, ಅಥವಾ ಹಳೆಯ ಒಡಂಬಡಿಕೆಯ ಮಾತು ಉದ್ಧರಣೆಯಾಗಿ ಬಂದಾಗ ಮಾತ್ರ ಹೋಗಿ ನೋಡಿ. ಹೋದರೆ ಆ ವಚನವನ್ನಷ್ಟೇ ಅಲ್ಲ, ಸುತ್ತಲಿನ ಭಾಗವನ್ನೂ ಓದಿ. ಮಾರ್ಕ 15:34ರಲ್ಲಿ ಶಿಲುಬೆಯ ಮೇಲಿನ ಕೂಗು ಕೀರ್ತನೆ 22ರ ಮೊದಲ ಸಾಲು. ಆ ಕೀರ್ತನೆಯನ್ನು ಪೂರ್ತಿ ಓದಿದರೆ ತಲೆಯಾಡಿಸಿ ಅಣಕಿಸುವವರೂ (22:7) ಬಟ್ಟೆಗೆ ಚೀಟಿ ಹಾಕುವವರೂ (22:18) ಅಲ್ಲೇ ಸಿಗುತ್ತಾರೆ. 22ನೆಯ ವಚನದಿಂದ ಅದು ಸ್ತುತಿಗೆ ಹೊರಳುತ್ತದೆ ಎಂಬುದೂ ತಿಳಿಯುತ್ತದೆ. ನಾಲ್ಕನೆಯ ವಾರದ ಏಳನೆಯ ದಿನಕ್ಕೆ ಈ ಕೀರ್ತನೆಯನ್ನೇ ಇಟ್ಟುಕೊಳ್ಳಿ.

ಮಾರ್ಕ 16:9–20ರ ಸುತ್ತ ಅನೇಕ ಪ್ರತಿಗಳಲ್ಲಿ ಆವರಣ ಚಿಹ್ನೆ ಅಥವಾ ಟಿಪ್ಪಣಿ ಇರುತ್ತದೆ. ಕಂಡು ಗಾಬರಿಯಾಗಬೇಕಿಲ್ಲ. 4ನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸೀನಾಯಿ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಸುವಾರ್ತೆ 16:8ಕ್ಕೇ ನಿಲ್ಲುತ್ತದೆ. ಅನುವಾದಕರು ಅದನ್ನು ಮುಚ್ಚಿಡದೆ ತಿಳಿಸಿದ್ದಾರೆ, ಅಷ್ಟೇ.

ಗೊತ್ತಿಲ್ಲದ ಪದಗಳಿಗೆ ನೋಟ್‌ಬುಕ್ಕಿನ ಕೊನೆಯ ಎರಡು ಪುಟ ಮೀಸಲಿಡಿ. ಮಾರ್ಕನಿಗೆ ಹತ್ತು ಹನ್ನೆರಡು ಪದ ಸಾಕು: ಫರಿಸಾಯರು, ಸದ್ದುಕಾಯರು, ಶಾಸ್ತ್ರಿಗಳು, ಸಭಾಮಂದಿರ, ಸಬ್ಬತ್, ಪಸ್ಕಹಬ್ಬ, ಹೆರೋದ, ಸುಂಕದವರು, ಮನುಷ್ಯಕುಮಾರ. ಸುಂಕದವರನ್ನು ಜನ ಯಾಕೆ ದ್ವೇಷಿಸುತ್ತಿದ್ದರು ಎಂಬುದು ತಿಳಿಯದಿದ್ದರೆ ಲೇವಿಯ ಮನೆಯ ಊಟದ (2:15) ಬಿಸಿ ತಟ್ಟುವುದಿಲ್ಲ: ಅವರು ಆಳುವವರ ಪರವಾಗಿ ತಮ್ಮದೇ ಜನರಿಂದ ವಸೂಲಿ ಮಾಡುತ್ತಿದ್ದರು. ‘ಮನುಷ್ಯಕುಮಾರ’ ಎಂಬ ಮಾತಿಗೆ ದಾನಿಯೇಲ 7:13–14 ಓದಿ, ಆಮೇಲೆ ಮಾರ್ಕ 14:62ಕ್ಕೆ ಬನ್ನಿ. ಮಹಾಯಾಜಕ ಯಾಕೆ ಬಟ್ಟೆ ಹರಿದುಕೊಂಡ ಎಂಬುದು ಸ್ಪಷ್ಟವಾಗುತ್ತದೆ.

ರಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ಅದರಲ್ಲಿ ಐದೇ ಸಾಲು: ದಾವೀದನ ಕಾಲ ಸುಮಾರು ಕ್ರಿ.ಪೂ. 1000, ಉತ್ತರದ ಸಮಾರ್ಯ ಅಶ್ಶೂರ್ಯರಿಗೆ ಬಿದ್ದದ್ದು ಸುಮಾರು ಕ್ರಿ.ಪೂ. 722, ಯೆರೂಸಲೇಮ್ ಬಾಬೆಲಿನವರಿಗೆ ಬಿದ್ದದ್ದು ಸುಮಾರು ಕ್ರಿ.ಪೂ. 586, ಸೆರೆಯಿಂದ ಮರಳಿದ್ದು ಸುಮಾರು ಕ್ರಿ.ಪೂ. 538ರಿಂದ; ರೋಮನರು ದೇವಾಲಯವನ್ನು ಕೆಡವಿದ್ದು ಕ್ರಿ.ಶ. 70. ಯಾವ ಪ್ರವಾದಿಯನ್ನು ತೆರೆದರೂ ಈತ ಇದರಲ್ಲಿ ಎಲ್ಲಿ ನಿಲ್ಲುತ್ತಾನೆ ಎಂದು ಮೊದಲು ನೋಡಿ. ಆಮೋಸ ಮತ್ತು ಹೋಶೇಯರು ಸಮಾರ್ಯ ಬೀಳುವ ಮುಂಚಿನವರು, ಯೆರೆಮೀಯ ಯೆರೂಸಲೇಮ್ ಬೀಳುವುದನ್ನು ಕಣ್ಣಾರೆ ಕಂಡವನು, ಹಗ್ಗಾಯ ಮತ್ತು ಜೆಕರ್ಯರು ಮರಳಿ ಬಂದವರ ನಡುವಿನವರು. ಪ್ರವಾದಿಗಳು ಅರ್ಥವಾಗುವುದಿಲ್ಲ ಎಂಬ ದೂರಿನಲ್ಲಿ ಅರ್ಧದಷ್ಟು ಇದರಿಂದಲೇ ತೀರುತ್ತದೆ.

ಬಿಡಿ ವಚನದ ಅಪಾಯ

ಗೋಡೆಯ ಮೇಲೆ, ಶುಭಾಶಯ ಪತ್ರದಲ್ಲಿ ಹೆಚ್ಚಾಗಿ ಕಾಣುವ ಎರಡು ವಚನಗಳನ್ನು ನೋಡೋಣ. ಯೆರೆಮೀಯ 29:11, ನಿಮಗಾಗಿ ದೇವರಲ್ಲಿರುವುದು ಹಿತದ ಆಲೋಚನೆ, ನಿಮಗೆ ನಿರೀಕ್ಷೆಯುಂಟು ಎಂಬ ವಚನ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಅಂದರೆ ಪತ್ರ ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಮರಳುವುದನ್ನು ನೋಡುವುದಿಲ್ಲ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು 5ರಿಂದ 7ನೆಯ ವಚನಗಳು ಹೇಳುತ್ತವೆ. ಫಿಲಿಪ್ಪಿ 4:13, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬುದು. ಬರೆದವನು ಬೇಡಿಯಲ್ಲಿದ್ದಾನೆ (1:13). ‘ಎಲ್ಲ’ ಎಂದರೇನೆಂದು 11, 12ನೆಯ ವಚನಗಳು ಬಿಡಿಸಿ ಹೇಳುತ್ತವೆ: ಹೊಟ್ಟೆ ತುಂಬಿದ್ದಾಗಲೂ ಹಸಿದಿದ್ದಾಗಲೂ ಸಂತುಷ್ಟನಾಗಿರುವುದು. ಸಂದರ್ಭದೊಳಗಿಟ್ಟು ಓದಿದಾಗ ಈ ಎರಡೂ ವಚನಗಳ ಬಲ ಕುಗ್ಗುವುದಿಲ್ಲ, ಆಳ ಹೆಚ್ಚುತ್ತದೆ.

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವನ್ನೇ ಆ ದಿನದ ಉತ್ತರವೆಂದು ತೆಗೆದುಕೊಳ್ಳುವ ರೂಢಿಯನ್ನೂ ಬಿಡಬೇಕು. ಯಾವ ಪತ್ರವನ್ನೂ ನಾವು ಹಾಗೆ ಓದುವುದಿಲ್ಲ.

ಬಗೆ ತಿಳಿದು ಓದುವುದೂ ಇದರದೇ ಭಾಗ. ಚರಿತ್ರೆಯ ಪುಸ್ತಕ ನಡೆದದ್ದನ್ನು ಹೇಳುತ್ತದೆ. ಹೇಳಿದ ಮಾತ್ರಕ್ಕೆ ಮೆಚ್ಚಿತು ಎಂದಲ್ಲ. ನ್ಯಾಯಸ್ಥಾಪಕರ ಕೊನೆಯ ಅಧ್ಯಾಯಗಳು ಭೀಕರವಾಗಿವೆ, ಪುಸ್ತಕ ತನ್ನ ತೀರ್ಪನ್ನು 17:6 ಮತ್ತು 21:25ರಲ್ಲಿ ತಾನೇ ಕೊಡುತ್ತದೆ: ಪ್ರತಿಯೊಬ್ಬನೂ ತನಗೆ ಸರಿಕಂಡಂತೆ ನಡೆಯುತ್ತಿದ್ದನು. ಜ್ಞಾನೋಕ್ತಿಗಳು ವಿವೇಕದ ಮಾತುಗಳು, ಷರತ್ತಿಲ್ಲದ ವಾಗ್ದಾನಗಳಲ್ಲ. 26:4 ಮೂರ್ಖನಿಗೆ ಅವನ ಮೂರ್ಖತನದಂತೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಅಕ್ಕಪಕ್ಕದಲ್ಲಿಟ್ಟಿರುವುದೇ ಯಾವಾಗ ಯಾವುದು ಎಂದು ಓದುಗರು ಯೋಚಿಸಲಿ ಎಂದು. ಕೀರ್ತನೆಗಳು ಕವಿತೆ: ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳುತ್ತದೆ, ಇಲ್ಲವೇ ತಿರುಗಿಸುತ್ತದೆ. ಆಕಾಶ ಮತ್ತು ಗಗನ ಎಂದು 19:1ರಲ್ಲಿ ಬಂದರೆ ಎರಡು ಬೇರೆ ಜಾಗ ಹುಡುಕಬೇಡಿ. ದುಃಖದ ಕೀರ್ತನೆಗೆ 13 ಒಳ್ಳೆಯ ಮಾದರಿ, ಆರೇ ವಚನ: ಎರಡು ದೂರು, ಎರಡು ಬೇಡಿಕೆ, ಎರಡು ಭರವಸೆ. 88ನೆಯದು ಭರವಸೆಗೂ ತಲುಪದೆ ಕತ್ತಲೆ ಎಂಬ ಮಾತಿನಲ್ಲೇ ನಿಲ್ಲುತ್ತದೆ. ನೊಂದು ಓದುವವರಿಗೆ ಅಂಥ ಪ್ರಾರ್ಥನೆಗೂ ಈ ಪುಸ್ತಕದಲ್ಲಿ ಜಾಗವಿದೆ ಎಂದು ತಿಳಿದಿರಲಿ.

ಮಾರ್ಕನ ನಂತರ

ಆರು ತಿಂಗಳ ಉಳಿದ ದಾರಿ ಹೀಗಿದೆ. ಆದಿಕಾಂಡ 48 ದಿನ: ದಿನಕ್ಕೊಂದು ಅಧ್ಯಾಯ, ವಂಶಾವಳಿಗಳಿರುವ 5ನ್ನು 4ರ ಜೊತೆಗೂ 10ನ್ನು 11ರ ಜೊತೆಗೂ ಓದಿ. ‘ಇದು ಇಂಥವನ ವಂಶದವರ ಚರಿತ್ರೆ’ ಎಂಬರ್ಥದ ಸಾಲು 2:4, 5:1, 6:9, ಹೀಗೆ ಪುಸ್ತಕದುದ್ದಕ್ಕೂ ಬರುತ್ತದೆ. ಕಂಡಲ್ಲೆಲ್ಲ ಗೆರೆ ಹಾಕಿ, ಅದೇ ಪುಸ್ತಕದ ಒಳಗಿನ ಅಧ್ಯಾಯಗಳ ಪಟ್ಟಿ. 12:1–3ರಲ್ಲಿ ಅಬ್ರಹಾಮನಿಗೆ ಕೊಟ್ಟ ಮಾತನ್ನು ಕಂಠಪಾಠ ಮಾಡಿ. ಮುಂದಿನ ಅಷ್ಟೂ ಪುಸ್ತಕಗಳು ಅದನ್ನು ಹಿಡಿದು ನಡೆಯುತ್ತವೆ.

ನಂತರ ವಿಮೋಚನಕಾಂಡ 24 ದಿನ: 1ರಿಂದ 20, ಒಡಂಬಡಿಕೆಯ 24, ಬಂಗಾರದ ಬಸವನ 32ರಿಂದ 34. ಉಳಿದ ಕಾನೂನಿನ ಮತ್ತು ಗುಡಾರದ ಅಧ್ಯಾಯಗಳನ್ನು ಸದ್ಯಕ್ಕೆ ಬಿಡಿ, ಪುಸ್ತಕವನ್ನು ಪೂರ್ತಿ ಓದಬೇಕೆಂಬ ಮಾತಿಗೆ ಇದೊಂದೇ ವಿನಾಯಿತಿ. ರೂತಳು ನಾಲ್ಕು ದಿನ, ಯೋನ ನಾಲ್ಕು ದಿನ. ಲೂಕ 24 ದಿನ. ಮೊದಲ ಅಧ್ಯಾಯವೇ 80 ವಚನ, ಅಂದು ಅರ್ಧ ಗಂಟೆ ಎತ್ತಿಡಿ. ಅಪೊಸ್ತಲರ ಕೃತ್ಯಗಳು 30 ದಿನ: 28 ಅಧ್ಯಾಯಗಳಲ್ಲಿ ಉದ್ದವಾದ 7 ಮತ್ತು 10ನ್ನು ಎರಡೆರಡು ದಿನ ಮಾಡಿ. ಲೂಕನೂ ಕೃತ್ಯಗಳೂ ಥೆಯೊಫಿಲನೆಂಬವನಿಗೆ ಬರೆದ ಒಂದೇ ಬರಹದ ಎರಡು ಸಂಪುಟಗಳು, ಆದ್ದರಿಂದ ನಡುವೆ ಬೇರೇನನ್ನೂ ತೂರಿಸಬೇಡಿ. ಕೃತ್ಯ 1:8 ಮುಂದಿನ ನಕ್ಷೆಯನ್ನು ಕೊಡುತ್ತದೆ: ಯೆರೂಸಲೇಮ್, ಯೂದಾಯ ಮತ್ತು ಸಮಾರ್ಯ, ಭೂಮಿಯ ಕಟ್ಟಕಡೆ. ಕೊನೆಗೆ ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕು ದಿನ. ಕೃತ್ಯ 16ರಲ್ಲಿ ಆ ಊರಿನ ಲುದ್ಯಳನ್ನೂ ಸೆರೆಮನೆಯ ಯಜಮಾನನನ್ನೂ ಕಂಡಿರುತ್ತೀರಿ. ಪತ್ರ ಯಾರಿಗೆ ಬಂತು ಎಂಬುದಕ್ಕೆ ಮುಖ ಸಿಕ್ಕಿರುತ್ತದೆ. 104 ವಚನದ ಈ ಪತ್ರವನ್ನು ಮೊದಲ ದಿನ ಒಂದೇ ಕೂತಲ್ಲಿ ಓದಿ, ಪತ್ರಗಳನ್ನು ಓದುವ ರೀತಿ ಅದೇ; ಆಮೇಲೆ ಮೂರು ದಿನದಲ್ಲಿ ನಿಧಾನವಾಗಿ ಮತ್ತೊಮ್ಮೆ ಓದಿ ಮುಗಿಸಿ. ಮಾರ್ಕನ 24ನ್ನೂ ಸೇರಿಸಿದರೆ ಒಟ್ಟು 162 ಭಾಗ, 27 ವಾರ.

ದಾರಿಯಲ್ಲಿ ಅರ್ಥವಾಗದ್ದು ಬಹಳ ಇರುತ್ತದೆ. ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಒಂದು ವಚನಕ್ಕೆ ಒಂದು ವಾರ ಸಿಕ್ಕಿಬೀಳಬೇಡಿ. ಆ ಚಿಹ್ನೆಗಳಲ್ಲಿ ಅನೇಕವು ಮುಂದಿನ ಅಧ್ಯಾಯದಲ್ಲೇ ಬಿಡಿಸಿಕೊಳ್ಳುತ್ತವೆ. ಉಳಿದವನ್ನು ತಿಳಿದವರ ಬಳಿ ಕೊಂಡೊಯ್ಯಿರಿ. ಕೃತ್ಯ 8ರಲ್ಲಿ ರಥದಲ್ಲಿ ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯನ್ನು ಫಿಲಿಪ್ಪನು ಅರ್ಥವಾಗುತ್ತದೆಯೇ ಎಂದು ಕೇಳಿದಾಗ, ಯಾರಾದರೂ ತಿಳಿಸಿಕೊಡದೆ ಹೇಗೆ ಎಂದು ಆತ ಸಂಕೋಚವಿಲ್ಲದೆ ಹೇಳಿ, ಫಿಲಿಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ.

ವಾರಕ್ಕೊಮ್ಮೆ ಕೂರಲು ಇನ್ನೊಬ್ಬರು ಸಿಕ್ಕರೆ ಅಭ್ಯಾಸ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಇಬ್ಬರೂ ಅದೇ ಪಟ್ಟಿ ಹಿಡಿದಿರಲಿ. ಮುಕ್ಕಾಲು ಗಂಟೆ ಸಾಕು: ಒಂದು ಭಾಗವನ್ನು ಗಟ್ಟಿಯಾಗಿ ಓದಿ, ಇಬ್ಬರ ಪ್ರಶ್ನೆಚಿಹ್ನೆಗಳನ್ನು ಎದುರಿಗಿಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ. ಒಬ್ಬರೇ ಮಾತಾಡಿ ಇನ್ನೊಬ್ಬರು ತಲೆಯಾಡಿಸುವ ಉಪದೇಶವಾಗಲು ಬಿಡಬೇಡಿ. ಯಾವ ಮಾತು ಹೇಳಿದರೂ ‘ಯಾವ ವಚನದಲ್ಲಿ?’ ಎಂದು ಕೇಳುವ ಹಕ್ಕು ಇಬ್ಬರಿಗೂ ಇರಲಿ.

ಮನಸ್ಸು ಒಣಗಿದಂತಾಗಿ ಓದಿದ್ದು ಒಳಗಿಳಿಯದ ವಾರಗಳೂ ಬರುತ್ತವೆ. ಆಗ ಓದು ನಿಲ್ಲಿಸುವುದಕ್ಕಿಂತ ಪ್ರಮಾಣ ಇಳಿಸಿ: ಐದು ವಚನ, ಒಂದು ಸಾಲು ಟಿಪ್ಪಣಿ. ಪ್ರಶ್ನೆ ನಿಮ್ಮ ಭಾವನೆಯದಾಗಿದ್ದರೆ ಕೀರ್ತನೆಗಳಿಗೆ ಹೋಗಿ. ನಿದ್ದೆಗೆಟ್ಟು ಹೀಗಾಗಿದ್ದರೆ ಮೊದಲು ನಿದ್ದೆ ಮಾಡಿ, ಓದುವ ಹೊತ್ತು ಬದಲಿಸಿ.

162 ಮುಗಿದ ಮೇಲೆ 1 ಮತ್ತು 2 ಸಮುವೇಲ, ಯೋಹಾನ, ರೋಮಾಪುರದವರಿಗೆ, ಯೆಶಾಯ, ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಪ್ರಕಟನೆಯನ್ನು ಕೊನೆಗೆ ಇಡಿ. ಅದರ ಚಿತ್ರಗಳಲ್ಲಿ ಬಹುಪಾಲು ವಿಮೋಚನಕಾಂಡ, ಯೆಹೆಜ್ಕೇಲ, ದಾನಿಯೇಲ, ಜೆಕರ್ಯರಿಂದ ಬಂದವು, ಅವು ಗೊತ್ತಿಲ್ಲದೆ ಓದಿದರೆ ಬರೀ ಊಹೆಯಾಗುತ್ತದೆ. ಬಿಟ್ಟುಬಂದ ಗುಡಾರದ ಅಧ್ಯಾಯಗಳಿಗೂ ಯಾಜಕಕಾಂಡಕ್ಕೂ ಈಗ ಹಿಂದಿರುಗಬಹುದು. ಮೊದಲು ಯಾಜಕಕಾಂಡ 1ರಿಂದ 7ರವರೆಗಿನ ಐದು ಬಗೆಯ ಬಲಿಗಳನ್ನು ಒಂದು ಪುಟದಲ್ಲಿ ಪಟ್ಟಿ ಮಾಡಿ: ಏನು ಅರ್ಪಿಸಬೇಕು, ಯಾಕೆ, ಯಾರು ತಿನ್ನಬಹುದು. ಆಮೇಲೆ ದೋಷಪರಿಹಾರದ ದಿನವನ್ನು ವಿವರಿಸುವ 16ನೆಯ ಅಧ್ಯಾಯವನ್ನೂ ಇಬ್ರಿಯರಿಗೆ ಬರೆದ ಪತ್ರದ 9ನೆಯ ಅಧ್ಯಾಯವನ್ನೂ ಒಂದೇ ವಾರದಲ್ಲಿ, ಎರಡು ಪುಟಗುರುತು ಇಟ್ಟುಕೊಂಡು, ಅಕ್ಕಪಕ್ಕದಲ್ಲಿ ಓದಿ.